ಎಡಗಾಲಿಗೆ ರಜೆ ಕೊಡಿಸುವ ಮುಬೀನಾ

"ಕಾಕಾ, ಎಡಗಾಲ ಚಪ್ಪಲಿ ಕಳೀರಿ."

ಮುಂಬಯಿಯ ಭಾಂಡುಪಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎಂದೋ ಮುಚ್ಚಿಹೋದ ಕಾರ್ಖಾನೆಯ ಉದ್ದ ಗೋಡೆಯ ಪಕ್ಕದ ರಸ್ತೆಯಲ್ಲಿ ಬಿಳಿ ಎಲೆಕ್ಟ್ರಿಕ್ ಕಾರೊಂದು ನಿಂತಿದೆ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು. ಸ್ಟಿಯರಿಂಗ್ ಹಿಡಿದು ಕೂತವರು ಮೋನಪ್ಪ. ಉಡುಪಿ ಕಡೆಯವರು, ಏರ್‌ಪೋರ್ಟಿನಿಂದ ಅಂಧೇರಿಯ ಹೋಟೆಲಿಗೆ ಅತಿಥಿಗಳನ್ನು ಕರೆತರುವ ಹಿರಿಯ ಡ್ರೈವರ್. ಪಕ್ಕದ ಸೀಟಿನಲ್ಲಿ ಅವರಿಗೆ ಪಾಠ ಹೇಳುತ್ತಿರುವವರು ಮುಬೀನಾ. ಮೋನಪ್ಪ ಗೊಣಗುತ್ತಲೇ ಚಪ್ಪಲಿ ಕಳಚುತ್ತಾರೆ.

"ದೇವಸ್ಥಾನದಲ್ಲಿ ಎರಡೂ ತೆಗೆಸುತ್ತಾರೆ. ನಿಮ್ಮದು ಎಂತ ಶಾಲೆ ಟೀಚರೇ, ಒಂದನ್ನೇ ತೆಗೆಸುವುದು?"

ಮುಬೀನಾ ನಗುತ್ತಾ ಹೊರಡಲು ಸನ್ನೆ ಮಾಡುತ್ತಾರೆ. ಉತ್ತರ ಕೊಡುವ ಕೆಲಸ ಬ್ರೇಕಿನದು. ಕಾರು ಸದ್ದಿಲ್ಲದೆ ಹೊರಡುತ್ತದೆ. ಸ್ವಲ್ಪ ದೂರದಲ್ಲಿ ನಾಯಿಯೊಂದು ಅಡ್ಡ ಬಂದದ್ದೇ ತಡ, ಮೋನಪ್ಪನವರ ಎರಡು ಕಾಲೂ ಒಟ್ಟಿಗೆ ಎದ್ದುಬಿಡುತ್ತವೆ. ಆದರೆ ಚಪ್ಪಲಿಯಿಲ್ಲದ ಎಡಗಾಲು ಪೆಡಲಿನ ತಣ್ಣನೆ ಅಂಚಿಗೆ ತಾಗಿ ಬೆಚ್ಚಿ ಹಿಂದೆ ಸರಿಯುತ್ತದೆ. ಬಲಗಾಲು ನಿಧಾನಕ್ಕೆ ಬ್ರೇಕು ಒತ್ತುತ್ತದೆ. ನಾಯಿ ತನ್ನ ಪಾಡಿಗೆ ರಸ್ತೆ ದಾಟಿ ಹೋಗುತ್ತದೆ.

ಗೇರು ಬದಲಿಸುವ ಪೆಟ್ರೋಲ್ ಕಾರಿನಲ್ಲಿ ಎಡಗಾಲು ಕ್ಲಚ್ಚಿನ ಯಜಮಾನ. ಎಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚೇ ಇಲ್ಲ. ಇರುವ ಎರಡು ಪೆಡಲೂ ಬಲಗಾಲಿನ ಪಾಲಿಗೆ. ಆದರೆ ಇದನ್ನು ಎಡಗಾಲಿಗೆ ತಿಳಿಸುವವರು ಯಾರು? ಗಾಬರಿಯಾದ ಕೂಡಲೇ ಅದು ಕ್ಲಚ್ಚು ಹುಡುಕಿಕೊಂಡು ಹೋಗುತ್ತದೆ, ಸಿಕ್ಕಿದ್ದು ಬ್ರೇಕಾದರೂ ಹಳೆಯ ಧಾಟಿಯಲ್ಲಿ ಪೂರ್ತಿ ತುಳಿಯುತ್ತದೆ. ಹಿಂದೆ ಕೂತವರ ಮೂಗು ಮುಂದಿನ ಸೀಟಿಗೆ ಜಜ್ಜುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆ. ಇದಕ್ಕೆ ಮುಬೀನಾ ತಾವೇ ಕಂಡುಕೊಂಡ ಮದ್ದು, ಒಂದು ಕಾಲಿನ ಚಪ್ಪಲಿ ಬಿಚ್ಚಿಸುವುದು.

"ತಲಿಗೆ ಒಮ್ಮೆ ಹೇಳಿದ್ರ ಸಾಕ್ರಿ, ತಿಳಕೊಂತೈತಿ. ಕಾಲಿಗೆ ಮಾತು ಕೇಳ್ಸೂದಿಲ್ಲ, ಅದಕ್ಕ ಮುಟ್ಟಿಸೇ ಹೇಳಬೇಕು" ಎನ್ನುತ್ತಾರೆ ಅವರು.

ಇವತ್ತಿನ ಬೆಳಗು ಮಾತ್ರ ದಿನದಂತಲ್ಲ. ಮೋನಪ್ಪ ದುಡಿಯುವ ಹೋಟೆಲು ತನ್ನ ಪೆಟ್ರೋಲ್ ಕಾರುಗಳನ್ನೆಲ್ಲ ಮಾರಿ ಎಲೆಕ್ಟ್ರಿಕ್ ಕಾರು ತರಿಸುತ್ತಿದೆ. ಹಳೆಯ ಡ್ರೈವರುಗಳು ಇದನ್ನು ಕಲಿಯಲಾರರು, ಹೊಸಬರನ್ನು ಇಟ್ಟುಕೊಳ್ಳುವುದೇ ಮೇಲು ಎಂದು ಯಜಮಾನರ ಲೆಕ್ಕಾಚಾರ. ಯಜಮಾನರ ಮಗಳು, ಹೋಟೆಲಿನ ಮ್ಯಾನೇಜರ್ ಹರಿಣಿ ಒಂದು ಅವಕಾಶ ಕೇಳಿದ್ದಾರೆ. ಎಲ್ಲರಿಗಿಂತ ಹಳಬರಾದ ಮೋನಪ್ಪ ಮೊದಲು ಕಲಿಯಲಿ. ಅವರು ಸೈ ಎನಿಸಿಕೊಂಡರೆ ಉಳಿದವರೂ ಮುಬೀನಾ ಹತ್ತಿರ ಬರಲಿ, ಇಲ್ಲದಿದ್ದರೆ ಅಪ್ಪ ಹೇಳಿದಂತೆಯೇ ಆಗಲಿ. ಪರೀಕ್ಷೆ ಇವತ್ತೇ, ಅಂಧೇರಿಯಿಂದ ಸಯನ್‌ವರೆಗೆ ಹೋಗಿ ಬರುವುದು.

ಪಣದಲ್ಲಿ ಮುಬೀನಾ ಅವರ ಕಾರೂ ಇದೆ. ಸ್ಕೂಲಿನ ಒಡೆಯ ಚೆನ್ನಯ ಅವರು ಇದನ್ನು ಬಾಡಿಗೆ ಕರಾರಿನ ಮೇಲೆ ತಂದದ್ದು ಮುಬೀನಾ ಹಟ ಹಿಡಿದರೆಂದು. ಕರಾರು ಈ ತಿಂಗಳು ಮುಗಿಯುತ್ತದೆ. ಕಲಿಯಲು ಬರುವವರು ಅಲ್ಲೊಬ್ಬರು ಇಲ್ಲೊಬ್ಬರು. ಹೋಟೆಲಿನವರು ಬಾರದಿದ್ದರೆ ಕಾರು ವಾಪಸು ಹೋಗುತ್ತದೆ, ಮುಬೀನಾ ಮತ್ತೆ ಹಳೆ ಪೆಟ್ರೋಲ್ ಕಾರಿನಲ್ಲಿ ಕ್ಲಚ್ಚಿನ ಪಾಠಕ್ಕೆ.

ಪೆಟ್ರೋಲು ಅವರಿಗೆ ಹೊಸದೇನಲ್ಲ. ಸಿಂದಗಿ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದವರು ಮೊದಲು ಹಿಡಿದದ್ದೇ ಪೆಟ್ರೋಲ್ ಪಂಪಿನ ಪೈಪು. ಕೆಲಸ ಮುಗಿದ ಮೇಲೆ ಚೆನ್ನಯ ಅವರ ಸ್ಕೂಲಿನಲ್ಲಿ ಡ್ರೈವಿಂಗ್ ಕಲಿತರು, ಆಮೇಲೆ ಅಲ್ಲೇ ಕಲಿಸುವವರಾದರು. ಹೆಂಗಸರೆಲ್ಲ ಇವರನ್ನೇ ಕೇಳಿಕೊಂಡು ಬರತೊಡಗಿದರು. ಒಮ್ಮೆ ಇವರ ಹತ್ತಿರ ಕಲಿತು ಲೈಸೆನ್ಸ್ ಪಡೆದಿದ್ದ ಹೆಣ್ಣುಮಗಳೊಬ್ಬಳು ಹೊಸ ಎಲೆಕ್ಟ್ರಿಕ್ ಕಾರು ಕೊಂಡು, ಸದ್ದಿಲ್ಲವಾದ್ದರಿಂದ ಇನ್ನೂ ಚಾಲೂ ಆಗಿಲ್ಲ ಎಂದುಕೊಂಡು ಪೆಡಲು ತುಳಿದು, ತನ್ನದೇ ಬಿಲ್ಡಿಂಗಿನ ಗೇಟಿಗೆ ಗುದ್ದಿಕೊಂಡಳು. ಅಳುತ್ತಾ ನಗುತ್ತಾ ಬಂದು ಹೇಳಿದಳಂತೆ.

"ಅವತ್ತ ನನಗ ಗೊತ್ತಾತ್ರಿ, ಪಾಸಾದೋರೂ ಮತ್ತ ಸಾಲಿಗೆ ಬರಬೇಕು. ಇಡೀ ಮುಂಬಯಿ ಹೊಸದಾಗಿ ಕಲೀಬೇಕಾಗೈತಿ. ನನಗಂತೂ ರಾತ್ರಿ ನಿದ್ದಿನ ಬರಲಿಲ್ಲ, ಖುಷಿಗೆ" ಎನ್ನುವಾಗ ಅವರ ಕಣ್ಣು ಈಗಲೂ ಅರಳುತ್ತದೆ.

ಚೆನ್ನಯ ಅವರನ್ನು ಒಪ್ಪಿಸಿದ್ದಕ್ಕಿಂತ ಬಿಲ್ಡಿಂಗಿನವರನ್ನು ಒಪ್ಪಿಸಿದ್ದು ದೊಡ್ಡ ಕಥೆ. ಸ್ಕೂಲಿನ ಆಫೀಸು ಇರುವ ಬಿಲ್ಡಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಎಂದ ಕೂಡಲೇ ಬೆಂಕಿ ಹತ್ತುತ್ತದೆ ಎಂದರು, ನಮ್ಮ ಲೈಟ್ ಬಿಲ್ ಏರುತ್ತದೆ ಎಂದರು. ಮೀನಮೇಷ ಎಣಿಸುತ್ತಾ ಮಳೆಗಾಲ ಕಳೆಯಿತು. ಮುಬೀನಾ ಮನೆಮನೆಗೆ ಹೋಗಿ ಅಜ್ಜಿಯರನ್ನೆಲ್ಲ ಕಾರಿನಲ್ಲಿ ಒಂದು ಸುತ್ತು ಹಾಕಿಸಿದರು. ಮುಂದಿನ ಮೀಟಿಂಗಿನಲ್ಲಿ ಪ್ರತ್ಯೇಕ ಮೀಟರಿಗೆ ಒಪ್ಪಿಗೆ ಸಿಕ್ಕಿತು. "ಇವಳು ಒಂದು ಹಿಡಿದರೆ ಉಡದ ಪಟ್ಟು ಮಾರ್ರೆ, ನನ್ನನ್ನೂ ಬಿಡಲಿಲ್ಲ, ಆ ಮುದುಕಿಯರನ್ನೂ ಬಿಡಲಿಲ್ಲ" ಎಂದು ಚೆನ್ನಯ ನಗುತ್ತಾರೆ.

ಎಲ್ಲವೂ ಸಲೀಸು ಎಂದು ಮುಬೀನಾ ಯಾರಿಗೂ ಹೇಳುವುದಿಲ್ಲ. ಒಂದೇ ಕೋಣೆಯ ಚಾಳಿನಲ್ಲಿರುವ ಡ್ರೈವರಿಗೆ ಕಾರು ನಿಲ್ಲಿಸಲೇ ಜಾಗವಿಲ್ಲ, ಚಾರ್ಜು ಎಲ್ಲಿಂದ ಬರಬೇಕು? ದೂರದ ಬಾಡಿಗೆ ಸಿಕ್ಕರೆ ನಡುದಾರಿಯಲ್ಲಿ ಏನು ಗತಿ? ರಸ್ತೆಯಲ್ಲಿ ನೀರು ನಿಂತಾಗ ಎದೆ ಝಲ್ಲೆನ್ನುವುದು ಅವರಿಗೂ ತಪ್ಪಿಲ್ಲ. ಆದರೆ ಕಾಲು ಸಡಿಲಿಸಿದರೆ ಸಾಕು, ಕಾರು ತಾನೇ ನಿಧಾನವಾಗಿ ಬ್ಯಾಟರಿಗೆ ಒಂದಿಷ್ಟು ಕರೆಂಟು ಮರಳಿಸುತ್ತದೆ ಎಂದು ವಿವರಿಸುವಾಗ ಅವರ ದನಿಯೇ ಬೇರೆ. "ರೊಟ್ಟಿ ಬಡದ ಮ್ಯಾಲ ಉಳದ ಹಿಟ್ಟ ಬಳದು ಮತ್ತ ಡಬ್ಬಿಗೆ ಹಾಕಿದಂಗ ನೋಡ್ರಿ" ಎನ್ನುತ್ತಾರೆ.

ಮೋನಪ್ಪನವರಿಗೆ ಹಿಟ್ಟಿಗಿಂತ ಮೊಣಕಾಲು ಮುಖ್ಯ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಕ್ಲಚ್ಚು ಒತ್ತಿ ಒತ್ತಿ ಅವರ ಎಡ ಮೊಣಕಾಲು ಸವೆದುಹೋಗಿದೆ. ಇಲ್ಲಿ ಬರಲು ಶುರುಮಾಡಿದ ಮೇಲೆ ಕಲಿಯುವ ದಿನಗಳಲ್ಲಿ ನೋವಿಲ್ಲ. "ಇದು ಮೊದಲೇ ಬಂದಿದ್ದರೆ ನಾನು ಇನ್ನೂ ಊರಿನ ಭೂತಕೋಲದಲ್ಲಿ ಕುಣಿಯುತ್ತಿದ್ದೆ ಮಾರಾಯ್ತಿ" ಎಂದು ಅವರು ಮುಬೀನಾರನ್ನು ನಗಿಸುತ್ತಾರೆ.

ಬೆಳಕು ಬಲಿಯುವ ಹೊತ್ತಿಗೆ ಮುಬೀನಾ ತಾವೇ ಕಾರು ಓಡಿಸಿಕೊಂಡು ಅಂಧೇರಿ ತಲುಪುತ್ತಾರೆ. ಅಲ್ಲಿ ಮೋನಪ್ಪ ಚಪ್ಪಲಿ ಬಿಟ್ಟು ಡ್ಯೂಟಿಯ ಬೂಟು ಹಾಕಿಕೊಂಡು ಸ್ಟಿಯರಿಂಗ್ ಹಿಡಿಯುತ್ತಾರೆ. ಹರಿಣಿ ಹಿಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ಎಡವುತ್ತದೆ, ಹಿಂದಿ ಓಡುತ್ತದೆ. ಅವರ ಶರತ್ತು ಸರಳ. "ಮೈಂ ಫೋನ್ ಪೆ ಕಾಮ್ ಕರೂಂಗಿ, ಫೋನಲ್ಲಿ ಕೆಲಸ ಮಾಡ್ತಾ ಇರ್ತೀನಿ. ನಾನು ತಲೆ ಎತ್ತಿ ನೋಡೋ ಹಾಗೆ ಆಗಬಾರದು. ಮೇಡಂ, ನೀವು ಸುಮ್ಮನೆ ಕೂತ್ಕೊಳ್ಳಿ, ಏನೂ ಹೇಳಬೇಡಿ." ಹೋಟೆಲಿನ ಡ್ರೈವರಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇಲ್ಲ. ದಾರಿ ಸವೆದದ್ದೇ ಅತಿಥಿಗೆ ಗೊತ್ತಾಗಬಾರದು.

ಹೈವೇ, ಫ್ಲೈಓವರ್, ಧಾರಾವಿಯ ಇಕ್ಕಟ್ಟು. ಬೂಟು ಹಾಕಿದ ಎಡಗಾಲು ಮೂಲೆಯಲ್ಲಿ ಅಲುಗದೆ ಕೂತಿದೆ. ಅಡ್ಡ ನುಗ್ಗಿದ ರಿಕ್ಷಾದವನಿಗೂ ಅದು ಏಳುವುದಿಲ್ಲ. ಮುಬೀನಾರಿಗೆ ಎದ್ದು ಕುಣಿಯಬೇಕೆನಿಸುತ್ತದೆ.

ಸಯನ್ ಆಸ್ಪತ್ರೆಯ ಹತ್ತಿರ ಕೆಂಪು ಸಿಗ್ನಲ್. ಮೋನಪ್ಪ ಮೆಲ್ಲಗೆ ನಿಲ್ಲಿಸುತ್ತಾರೆ. ನಿಲ್ಲಿಸಿದವರೇ ಕೈ ಚಾಚಿ ಪವರ್ ಬಟನ್ ಒತ್ತಿ ಕಾರು ಬಂದ್ ಮಾಡಿಬಿಡುತ್ತಾರೆ. ಸಿಗ್ನಲಿನಲ್ಲಿ ಎಂಜಿನ್ ಆರಿಸಿ ಪೆಟ್ರೋಲ್ ಉಳಿಸುವುದು ಅವರ ಕೈಗೆ ಅಂಟಿದ ಚಾಳಿ. ಮುಬೀನಾರ ಜೀವ ಬಾಯಿಗೆ ಬರುತ್ತದೆ. ಇಷ್ಟು ದಿನ ಕಾಲನ್ನು ಕಾದರು, ಕೈ ನೆನಪಾಗಲೇ ಇಲ್ಲ. ಕಾರ್ಖಾನೆಯ ಗೋಡೆಯ ಪಕ್ಕದ ರಸ್ತೆಯಲ್ಲಿ ಸಿಗ್ನಲೇ ಇಲ್ಲವಲ್ಲ!

ಹಸಿರು ಬಿತ್ತು. ಮೋನಪ್ಪ ತುಳಿಯುತ್ತಾರೆ, ಕಾರು ಅಲುಗುವುದಿಲ್ಲ. ಹಿಂದಿನಿಂದ ಬಸ್ಸಿನ ಹಾರನ್ನು, ಅದರ ಹಿಂದೆ ಇನ್ನಷ್ಟು. ಹರಿಣಿ ತಲೆ ಎತ್ತುತ್ತಾರೆ. ಮುಬೀನಾ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ತುಟಿ ಕಚ್ಚಿ ಕೂತಿದ್ದಾರೆ. ಒಂದು ಮಾತು ಸಾಕು, ಆದರೆ ಆಡುವಂತಿಲ್ಲ. ಮೋನಪ್ಪ ಉಸಿರೆಳೆದುಕೊಂಡು ಕಾಲನ್ನು ಬ್ರೇಕಿಗೆ ತರುತ್ತಾರೆ, ಬಟನ್ ಒತ್ತುತ್ತಾರೆ, ಪರದೆ ಬೆಳಗಿದ್ದನ್ನು ನೋಡಿಕೊಂಡು ಹೊರಡುತ್ತಾರೆ.

"ಅಂಕಲ್, ಕ್ಯಾ ಹುವಾ? ಗಾಡಿ ಬಂದ್ ಆಯ್ತಾ?"

"ಗಾಡಿ ಬಂದ್ ಆದದ್ದಲ್ಲ ಮೇಡಂ, ನಾನು ಮಾಡಿದ್ದು. ಸಿಗ್ನಲಿನಲ್ಲಿ ಪೆಟ್ರೋಲ್ ಉಳಿಸಬೇಕು ಅಂತ ನಿಮ್ಮ ಅಪ್ಪನವರೇ ಕಲಿಸಿದ್ದಲ್ವಾ. ಪೆಟ್ರೋಲ್ ಇಲ್ಲದ ಗಾಡಿಯಲ್ಲಿಯೂ ಉಳಿಸಿದೆ."

ಹರಿಣಿ ಬಿದ್ದು ಬಿದ್ದು ನಗುತ್ತಾರೆ. ನಗು ಸರಿ, ತಲೆ ಎತ್ತಿಸಿದ್ದಂತೂ ಹೌದಲ್ಲ ಎಂದುಕೊಳ್ಳುತ್ತಾರೆ ಮುಬೀನಾ. ವಾಪಸು ಬರುವಾಗ ಪ್ರತಿ ಸಿಗ್ನಲಿನಲ್ಲೂ ಮೋನಪ್ಪನವರ ಕೈ ಮೇಲೇಳುತ್ತದೆ, ನಾಚಿಕೊಂಡು ತೊಡೆಯ ಮೇಲೆ ಕೂರುತ್ತದೆ. ಕಾರು ತೇಲಿದಂತೆ ಸಾಗುತ್ತದೆ. ಹಿಂದಿನ ಸೀಟಿನಿಂದ ಸದ್ದೇ ಇಲ್ಲ.

"ಮೇಡಂ, ಹೋಟೆಲ್ ಬಂತು" ಎನ್ನುತ್ತಾರೆ ಮೋನಪ್ಪ.

ಹರಿಣಿ ಮೊಬೈಲಿನಿಂದ ತಲೆ ಎತ್ತಿ ಕಿಟಕಿಯ ಆಚೆ ನೋಡಿ ಗಲಿಬಿಲಿಗೊಳ್ಳುತ್ತಾರೆ. "ಅರೆ, ಪಹುಂಚ್ ಗಯೇ? ನನಗೆ ಗೊತ್ತೇ ಆಗಲಿಲ್ಲ." ಆಮೇಲೆ ತಾವೇ ಹೇಳಿದ್ದು ತಮಗೇ ಹೊಳೆದು ಮುಬೀನಾ ಕಡೆ ತಿರುಗುತ್ತಾರೆ. "ಬಾಕಿ ಡ್ರೈವರ್ಸ್ ಯಾವಾಗಿಂದ ಬರಬೇಕು, ಮೇಡಂ?"

ಮೋನಪ್ಪ ಇಳಿದು ಹರಿಣಿಯವರಿಗೆ ಬಾಗಿಲು ತೆರೆಯುತ್ತಾರೆ. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಬಾರದೆಂದು ಮುಖ ಅತ್ತ ತಿರುಗಿಸಿದ್ದಾರೆ. ಮುಬೀನಾರಿಗೆ ಯಾವ ಮುಚ್ಚುಮರೆಯೂ ಇಲ್ಲ. ರಸ್ತೆ ಬದಿಯಲ್ಲೇ ನಿಂತು, ಒಂದು ಕಿವಿ ಮುಚ್ಚಿಕೊಂಡು, ಟ್ರಾಫಿಕ್ಕಿಗೂ ಮೇಲೆ ಕೇಳುವಂತೆ ಚೆನ್ನಯ ಅವರಿಗೆ ಫೋನ್ ಮಾಡುತ್ತಾರೆ.

"ಸಾಹೇಬ್ರ, ಗಾಡಿ ತಿರುಗಿ ಕೊಡಬ್ಯಾಡ್ರಿ. ಇದೊಂದ ಸಾಲೂದಿಲ್ಲ, ಇನ್ನೊಂದ ತರಸ್ರಿ."