ಒಂದೇ ಕಂಬಿ, ಎರಡು ಎದೆ

ಕೊತ್ತಗೆರೆಯ ಕದರಯ್ಯನ ಹಿರಿಮಗ ಗೋವಿಂದರಾಜುಗೆ ತಮ್ಮ ದಯಾನಂದನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮುಚ್ಚಿಡುವುದೇಕೆ? ತಮ್ಮ ಹುಟ್ಟಿದ ದಿನ ಅವ್ವನ ಮಡಿಲಿನಿಂದ ಇವನನ್ನು ಇಳಿಸಿದ್ದರು. ಆ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಅಂತರಸನಹಳ್ಳಿಯ ಪೈಪು ಕಾರ್ಖಾನೆಗೆ ಮೊದಲು ಸೇರಿದವನು ಗೋವಿಂದರಾಜು. ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು, ಎಲ್ಲಿ ಒಡೆಯುತ್ತದೆಂದು ನೋಡುವುದು ಅವನ ಕೆಲಸ. ಐಟಿಐ ಮುಗಿಸಿದ ತಮ್ಮನನ್ನು ಕೈಹಿಡಿದು ಅಲ್ಲಿಗೆ ಕರೆತಂದವನೂ ಇವನೇ. ತೊಂಬತ್ತೆಂಟರಲ್ಲಿ ತಮ್ಮ ಸೂಪರ್‌ವೈಸರ್ ಆಗಿಬಿಟ್ಟ! ಅಣ್ಣನ ರಜೆ ಚೀಟಿಗೂ ತಮ್ಮನ ಸಹಿ ಬೇಕಾಯಿತು. ದಯಾನಂದ ಕುರ್ಚಿಯಿಂದ ಎದ್ದು ನಿಂತೇ ಸಹಿ ಹಾಕುತ್ತಿದ್ದ. ಆ ಮರ್ಯಾದೆ ಕಂಡು ಇವನಿಗೆ ಇನ್ನಷ್ಟು ಉರಿಯುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಒಂದು ದಿನ, ಗುಬ್ಬಿಯಲ್ಲಿ ಸಹೋದ್ಯೋಗಿಯ ಮದುವೆ ಮುಗಿಸಿ ಕಾರ್ಖಾನೆಯ ವ್ಯಾನಿನಲ್ಲಿ ಎಲ್ಲರೂ ಬರುತ್ತಿದ್ದರು. ಅಣ್ಣತಮ್ಮಂದಿರು ಡ್ರೈವರ್ ಹಿಂದಿನ ಸೀಟಿನಲ್ಲಿ ಪಕ್ಕಪಕ್ಕ ಕೂತಿದ್ದರು. ನಿಂತಿದ್ದ ಲಾರಿಗೆ ವ್ಯಾನು ಗುದ್ದಿತು. ಮುಂದಿದ್ದ ಕಬ್ಬಿಣದ ಕಂಬಿಗೆ ಇಬ್ಬರ ಎದೆಯೂ ಒಟ್ಟಿಗೇ ಬಡಿಯಿತು.

ತುಮಕೂರಿನ ಆಸ್ಪತ್ರೆಯಲ್ಲಿ ಇಬ್ಬರಿಗೂ ಸ್ಕ್ಯಾನ್ ಆಯಿತು. ಗೋವಿಂದರಾಜುಗೆ ಎದೆ ಕಂದಿತ್ತು, ಅಷ್ಟೇ. ದಯಾನಂದನನ್ನು ಕೂಡಲೇ ಬೆಂಗಳೂರಿಗೆ ಒಯ್ಯಬೇಕೆಂದರು. ಓಡಿಬಂದ ಅವ್ವ ಚಿಕ್ಕಮಾರಮ್ಮ ಬೆಂಚಿನ ಮೇಲೆ ಕೂತಿದ್ದ ಇವನನ್ನು ದಾಟಿ ನೇರ ತಮ್ಮನ ಹತ್ತಿರ ಹೋದಳು. ನನಗೂ ಅದೇ ಕಂಬಿ ಬಡಿದಿದೆ ಎಂದು ಕೂಗಿ ಹೇಳಬೇಕೆನ್ನಿಸಿತು ಅವನಿಗೆ.

ಬೆಂಗಳೂರಿನ ಡಾಕ್ಟರು ಅಣ್ಣತಮ್ಮಂದಿರ ಸ್ಕ್ಯಾನಿನ ಎರಡೂ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಗೋವಿಂದರಾಜುಗೆ ತೋರಿಸಿದರು. "ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಇದು. ಮೇಲಕ್ಕೆ ಹೋಗಿ, ಬಾಗಿ, ಕೆಳಗಿಳಿಯುತ್ತೆ. ನಿಮ್ಮದು ದುಂಡಗೆ ಬಾಗಿದೆ. ನಿಮ್ಮ ತಮ್ಮನದು ಕಡಿದಾಗಿ ತಿರುಗಿದೆ. ಹಾಗಿದ್ದರೆ ಗುದ್ದಿದಾಗ ಆ ತಿರುವಿಗೇ ಪೆಟ್ಟು ಜಾಸ್ತಿ. ಅಲ್ಲೇ ಸೀಳಿದೆ."

"ಎಲ್ಬೋ ಒಡೆದಂಗೆ," ಅಂದ ಗೋವಿಂದರಾಜು. ದುಂಡಗೆ ಬಾಗಿದ ಪೈಪು ತಡೆಯುವ ಒತ್ತಡಕ್ಕೆ ಮೊಣಕೈಯಂತೆ ಕಡಿದಾಗಿ ತಿರುಗುವ ಎಲ್ಬೋ ತುಂಡು ಬಿರಿಯುವುದನ್ನು ಅವನು ದಿನಾ ನೋಡುತ್ತಿದ್ದ. ಅವನಿಗೆ ಭಯವಾಯಿತು. ಭಯದ ಜೊತೆಗೆ, ಹಾಳಾದ್ದು, ಒಂದಿಷ್ಟು ಹೆಮ್ಮೆಯೂ ಆಯಿತು. ಒಂದರಲ್ಲಾದರೂ ತಾನು ತಮ್ಮನಿಗಿಂತ ಮೇಲು.

ಡಾಕ್ಟರ ಮಾತು ದಯಾನಂದನ ಕಿವಿಗೂ ಬಿದ್ದಿತ್ತು. ಆಪರೇಷನ್ನಿಗೆ ಒಯ್ಯುವ ಮುಂಚೆ ಅವನು ಅಣ್ಣನ ಕೈ ಹಿಡಿದುಕೊಂಡ. "ಒಳಗಿನ ನಾಳಾನೂ ನಿಂಗೇ ಒಳ್ಳೇದು ಕೊಟ್ಟವ್ರೆ ಕಣಣ್ಣಾ," ಎಂದು ನಗಲು ನೋಡಿದ. "ಒಂದ್ ಮಾತು ಹೇಳ್ಬುಡ್ತೀನಿ. ಚಿಕ್ಕೋನಿದ್ದಾಗ್ಲಿಂದ ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಅಪ್ಪ ಸಾಯೋವಾಗ ಮನೆ ನೋಡ್ಕೊಳಪ್ಪಾ ಅಂತ ನಿನ್ ಕೈನೇ ಹಿಡ್ಕಂಡ. ನಾನೂ ಅಲ್ಲೇ ನಿಂತಿದ್ದೆ. ನನ್ ಕಡೆ ತಿರುಗೂ ನೋಡ್ಲಿಲ್ಲ."

ಗೋವಿಂದರಾಜು ಬೆಪ್ಪಾದ. ನಂಗೂ ಅಷ್ಟೇ ಕಣೋ ಎಂಬ ಮಾತು ನಾಲಿಗೆ ತುದಿಗೆ ಬಂತು. ಆದರೆ ತಮ್ಮ ತನ್ನನ್ನು ಕಂಡು ಕರುಬುತ್ತಿದ್ದ ಎಂಬುದು ಎಷ್ಟು ಸಿಹಿಯಾಗಿತ್ತೆಂದರೆ, ಅದನ್ನು ಇನ್ನೊಂದಿಷ್ಟು ಹೊತ್ತು ಒಬ್ಬನೇ ಸವಿಯೋಣ ಎನ್ನಿಸಿತು. ಆಪರೇಷನ್ ಆದ ಮೇಲೆ ಹೇಳಿದರಾಯಿತು, ಅಲ್ಲಿಯವರೆಗೆ ಅವನೂ ಸ್ವಲ್ಪ ಉರಿದುಕೊಳ್ಳಲಿ ಎಂದುಕೊಂಡ.

"ಹೋಗ್ಬಾ, ಏನೂ ಆಗಲ್ಲ," ಅಂದ.

ನಾಲ್ಕು ತಾಸು ಕಳೆದ ಮೇಲೆ ಡಾಕ್ಟರು ಹೊರಬಂದು ಚಿಕ್ಕಮಾರಮ್ಮನನ್ನು ಕೂರಲು ಹೇಳಿದರು.

ಮರುದಿನ ಕೊತ್ತಗೆರೆಯಲ್ಲಿ, ಹೆಣ ಎತ್ತುವ ಮುಂಚೆ ಗೋವಿಂದರಾಜು ಬಗ್ಗಿ ತಮ್ಮನ ಕಿವಿಯ ಹತ್ತಿರ "ನಂಗೂ ಅಷ್ಟೇ ಕಣೋ ದಯಾ, ನಂಗೂ ಅಷ್ಟೇ" ಅಂದ. ಹೊತ್ತಾಯಿತೆಂದು ಯಾರೋ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.