ಮಾನಿಟರ್ ತರಲು ಹೋದಾಗ ತಿಳಿದ ಗುಟ್ಟು

ಹೊಸಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾನಿಟರ್ ಮುಂದೆ ಕೂತಿದ್ದ ರೇಣುಕಕ್ಕ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡರು. ಮರಿಯಮ್ಮನಹಳ್ಳಿಯ ನಮ್ಮ ಲಾರಿ ಆಫೀಸಿನಲ್ಲಿ ಬಿಲ್ ಟೈಪ್ ಮಾಡುವವರು ಅವರು. ಹಳೆಯ ಮಾನಿಟರ್ ಕೆಟ್ಟಿದ್ದರಿಂದ, ಕಡಿಮೆ ಬೆಲೆಯದೊಂದನ್ನು ನೋಡಿ ತನ್ನಿ ಎಂದು ಮಾಲೀಕರು ನಮ್ಮಿಬ್ಬರನ್ನು ಕಳಿಸಿದ್ದರು.

ಅಂಗಡಿಯವರು ಮೊದಲು ತೋರಿಸಿದ ಮಾನಿಟರ್ ಫಳಫಳ ಹೊಳೆಯುತ್ತಿತ್ತು. ಬಾಗಿಲ ಬೆಳಕು ಅದರ ಮೇಲೆ ಬಿದ್ದು ಅಕ್ಷರವೇ ಕಾಣಲಿಲ್ಲ, ಬೆಲೆಯೂ ನಮಗೆ ಎಟುಕುವಂತಿರಲಿಲ್ಲ. ಆಮೇಲೆ ಹೊಳಪಿಲ್ಲದ ಪರದೆಯ ಸಾದಾ ಮಾನಿಟರ್ ಒಂದನ್ನು ಹಚ್ಚಿ, ಅಕ್ಷರ ದೊಡ್ಡದು ಮಾಡಿದರು.

“ಇಷ್ಟು ದೂರ ಕುಂತ್ರೂ ಕಾಣ್ತೈತಿ ನೋಡವ್ವಾ!” ಎಂದು ನನ್ನ ಕೈ ಒತ್ತಿದ ರೇಣುಕಕ್ಕ, ಮರುಕ್ಷಣವೇ ದನಿ ತಗ್ಗಿಸಿದರು. “ನನ್ನ ಕಣ್ಣು ಭಾಳ ಮಂಜಾಗ್ಯಾವು. ಸಾಹೇಬ್ರಿಗೆ ಹೇಳಬ್ಯಾಡ, ಕೆಲಸ ಬಿಡಿಸಿದ್ರ ಏನ್ ಮಾಡ್ಲಿ?”

ಅವರು ಪರದೆಗೆ ಮುಖ ತಾಗಿಸಿ ಟೈಪ್ ಮಾಡುತ್ತಿದ್ದುದಕ್ಕೆ ಹಳೆಯ ಮಾನಿಟರೇ ಕಾರಣವೆಂದು ನಾವೆಲ್ಲ ನಂಬಿದ್ದೆವು. ಆ ಸಾದಾ ಮಾನಿಟರನ್ನೇ ಕೊಂಡು, ಅಲ್ಲಿಂದ ನೇರ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಪೊರೆ ಬಂದಿದೆ, ತೆಗೆಸಿದರೆ ಸರಿಹೋಗುತ್ತದೆ ಎಂದರು. ಮರುದಿನ ರೇಣುಕಕ್ಕ ತಾವೇ ಧೈರ್ಯಮಾಡಿ ಮಾಲೀಕರ ಮುಂದೆ ನಿಂತು ಎಲ್ಲ ಹೇಳಿದರು. “ಮೊದಲ ಹೇಳಬಾರ್ದೇನವ್ವಾ? ಆಪರೇಷನ್ ಮಾಡಿಸ್ಕೊಂಡು ಬಾ, ನಿನ್ನ ಕುರ್ಚಿ ಎಲ್ಲಿಗೂ ಹೋಗಂಗಿಲ್ಲ” ಎಂದರು ಮಾಲೀಕರು.

ಈಗ ರೇಣುಕಕ್ಕ ಕೆಲಸಕ್ಕೆ ಮರಳಿದ್ದಾರೆ. ಅಷ್ಟು ದಿನ ಒಂದೇ ಕೋಣೆಯಲ್ಲಿ ಊಟ ಹಂಚಿಕೊಂಡ ನಮಗೂ ಹೇಳಲಾರದಷ್ಟು ಅಂಜಿಕೊಂಡು ಅವರು ಹೇಗೆ ಬದುಕಿದರೋ ಎಂಬ ಯೋಚನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.