ಅಜ್ಜಿಯ ನಲ್ಲಿ

ಗಡಹಿಂಗ್ಲಜದಲ್ಲಿ ನಾನು ಪ್ಲಂಬಿಂಗ್ ಕಲಿಸುವ ಶೆಡ್ಡಿನ ನಲ್ಲಿಯನ್ನು ಬೆಳಿಗ್ಗೆ ತಿರುಗಿಸಿದರೆ ಮೊದಲು ಬರುವುದು ಬ್ಲೀಚಿಂಗ್ ಪುಡಿಯ ಘಾಟು. ಕಲಿಯಲು ಬಂದವರಿಗೆ ಅದು ನೀರು ಬಂದ ವಾಸನೆ, ಅಷ್ಟೇ. ನನಗೆ ಮಾತ್ರ ಇಚಲಕರಂಜಿಯ ನಮ್ಮ ಮನೆಯ ಹಿಂದಿನ ಪುಟ್ಟ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ: ಬೆಳಗಿದ ಹಿತ್ತಾಳೆ ಕೊಡ, ಅದರ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ, ಒದ್ದೆ ನೆಲದ ಮೇಲೆ ಕುಳಿತ ಅಜ್ಜಿ. ನೀವೂ ಇಂಥದೊಂದು ಮನೆ ಕಳೆದುಕೊಂಡವರಾದರೆ ಗೊತ್ತಿರುತ್ತದೆ, ವಾಸನೆ ಹೇಳಿ ಕೇಳಿ ಬರುವುದಿಲ್ಲ. ಆ ಜಾಗದಲ್ಲೀಗ ಮಗ್ಗದ ಶೆಡ್ಡು ನಿಂತಿದೆ. ಹಿತ್ತಲ ಬಾವಿಯನ್ನೂ ಮುಚ್ಚಿದ್ದಾರೆ.

ಮನೆಯಲ್ಲಿದ್ದವರು ಅಪ್ಪ, ಅಜ್ಜಿ, ನಾನು, ಮೂವರೇ. ಅಪ್ಪ ಪ್ಲಂಬರ್. ಹೈಸ್ಕೂಲಿಗೆ ಹೋಗುವಾಗಲೇ ನಾನು ಅವನ ಕೆಲಸಕ್ಕೆ ಗಂಟುಬಿದ್ದೆ. ಓಣಿಯ ಹೆಂಗಸರು "ಕಾಯ ಗ, ಪ್ಲಂಬರ ಬಾಯಿ?" ಎಂದು ಮರಾಠಿಯಲ್ಲಿ, ಏನೇ ಪ್ಲಂಬರಮ್ಮಾ ಎನ್ನುವ ಹಾಗೆ, ಕಾಡಿಸುತ್ತಿದ್ದರು. ಕಲಿಸುವುದರಲ್ಲಿ ಅಪ್ಪ ಒಂದು ಕ್ರಮ ಇಟ್ಟುಕೊಂಡಿದ್ದ. ಮೊದಲು ಪೈಪಿಗೆ ಕಿವಿ ಕೊಟ್ಟು ಕೇಳುವುದು. ಆಮೇಲೆ ಪೈಪಿನ ತುದಿಗೆ, ತಿರುಪು ತಿರುಗುವ ದಿಕ್ಕಿಗೇ ನೂಲು ಸುತ್ತಿ ಸಫೇದಾ ಬಳಿಯುವುದು. ಆ ಬಿಳಿ ಮೇಣ ಉಗುರಿನ ಸಂದಿಯಲ್ಲಿ ಕೂತರೆ ನಾಲ್ಕು ದಿನ ಹೋಗುತ್ತಿರಲಿಲ್ಲ. ಪೈಪು ಬಿಗಿಯುವ ಪಾನಾ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. "ಕಿವಿ ಒಮ್ಮಿ ತಪ್ಪಿದ್ರ ಪಾನಾ ಮುಟ್ಟಾಕ ಕೊಡಂಗಿಲ್ಲ, ನೋಡು" ಎನ್ನುತ್ತಿದ್ದ. ನನಗೆ ಆ ಪಾನಾದ್ದೇ ಹುಚ್ಚು.

ಅಜ್ಜಿ ನಾಂದಣಿಯ ಕಡೆಯ ಜೈನರ ಮಗಳು. ಬಾವಿಯ ನೀರನ್ನು ತಾನೇ ಸೋಸಿ ಕುಡಿಯಬೇಕು, ಬೇರೆ ನೀರು ಮುಟ್ಟಬಾರದು ಎಂಬುದು ಅವಳ ವ್ರತ. ರಟ್ಟೆಯ ನೋವಿಗೆ ಹಗ್ಗ ಎಳೆಯಲಾಗದೆ ಹೋದಾಗ ಅಪ್ಪ ಬಾವಿಗೆ ಪಂಪು ಕೂರಿಸಿ, ಮಾಳಿಗೆಯ ಮೇಲೆ ಅವಳಿಗೆಂದೇ ಒಂದು ಟಾಕಿ ಇಟ್ಟ. ಊರ ನೀರಿನ ಟಾಕಿ ಪಕ್ಕದಲ್ಲೇ ಇತ್ತು. ಗೋಡೆಯೊಳಗೆ ಹಳೆಯ ಎರಡು ಪೈಪು. ಒಂದು ಅಜ್ಜಿಯ ಅಡುಗೆಮನೆಗೆ, ಇನ್ನೊಂದು ಬಚ್ಚಲಿಗೆ ಇಳಿಯುತ್ತಿತ್ತು. ಯಾವುದು ಯಾವುದೆಂದು ತಿಳಿಯಲು ಅಪ್ಪ ಮೇಲಿನಿಂದ ಒಂದರ ಬಾಯಿಗೆ ಕೂಗುವುದು, ಕೆಳಗೆ ಅಡುಗೆಮನೆಯ ಪೈಪಿಗೆ ಕಿವಿ ಹಚ್ಚಿದ ನಾನು ದನಿ ಬಂತೋ ಇಲ್ಲವೋ ಹೇಳುವುದು. "ಬಂತೇನ, ಪದ್ಮಾ?" ಎಂದು ಅಪ್ಪ ಕೂಗಿದ್ದು ಮಾಳಿಗೆಯಿಂದ ಕೇಳಿತೋ ಪೈಪಿನಿಂದಲೋ, ಅಕ್ಕಪಕ್ಕದ ಮಗ್ಗಗಳ ಖಟಖಟದಲ್ಲಿ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ಪಾನಾ ಹೋಯಿತು. "ಬಂತಪ್ಪಾ, ಬಂತು!" ಎಂದುಬಿಟ್ಟೆ. ಅಪ್ಪ ಬಾವಿಯ ಟಾಕಿಯನ್ನು ಆ ಪೈಪಿಗೇ ಜೋಡಿಸಿದ.

ಒಂದು ವಾರದ ಮೇಲೆ ಅಜ್ಜಿಯ ನಲ್ಲಿಯ ಬಳಿ ನಿಂತಾಗ ಬ್ಲೀಚಿಂಗ್ ಪುಡಿಯ ಆ ಘಾಟು ಮೂಗಿಗೆ ಬಡಿಯಿತು. ಬಾವಿಯ ನೀರು ಬಚ್ಚಲಿಗೆ ಹೋಗುತ್ತಿತ್ತು, ಊರ ನೀರು ಅಜ್ಜಿಯ ಕೊಡಕ್ಕೆ. ಅದೇ ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ನೀರ ಹ್ಯಾಂಗ ಬರಾಕತ್ತೈತಿ, ಅವ್ವಾ?" ಅಜ್ಜಿ ನನ್ನ ಮುಖ ನೋಡಿದಳು. "ಭಾಳ ಚಲೋ ಬರತೈತಿ. ಹುಡುಗಿ ಕಿವಿ ಚಲೋ ಐತಿ" ಎಂದಳು. ಅವಳಿಗೆ ತಿಳಿದಿಲ್ಲ ಎಂದುಕೊಂಡು ನಾನು ಸುಮ್ಮನಾದೆ. ಆ ಸುಮ್ಮನಿದ್ದುದಕ್ಕೆ ಇಂದಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಶ್ರಾವಣದಲ್ಲಿ ಎರಡು ದಿನದ ಜ್ವರಕ್ಕೆ ಅಜ್ಜಿ ಹೋದಳು. ಕೈ ಜೋಡಿಸಿ ಎದೆಯ ಮೇಲಿಡಲು ಹೋದ ಅಪ್ಪ ಅವಳ ಅಂಗೈ ಬಿಡಿಸಿ ನೋಡುತ್ತಾ ಹಾಗೇ ಕೂತುಬಿಟ್ಟ. ಎರಡೂ ಅಂಗೈ ತುಂಬ ಹಗ್ಗದ ಬೊಬ್ಬೆಗಳು, ಹಳೆಯವು, ಹೊಸವು. ನಾವಿಬ್ಬರೂ ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಆ ನೋಯುವ ರಟ್ಟೆಯಲ್ಲೇ ಬಾವಿಯಿಂದ ನೀರು ಸೇದಿದ್ದಳು. ಅಪ್ಪ ಎದ್ದು ಹೋಗಿ ಅವಳ ನಲ್ಲಿಯಿಂದ ಒಂದು ಬೊಗಸೆ ನೀರು ಹಿಡಿದು ಮೂಸಿದ.

ಸೂತಕ ಕಳೆದ ಮರುದಿನ ಪಾನಾ ತಂದು ನನ್ನ ಕೈಗಿಟ್ಟ. "ಆ ಜಾಯಿಂಟ ನೀನ ಬಿಚ್ಚು. ನೀನ ಹಚ್ಚು" ಎಂದ. ಅಷ್ಟು ಆಸೆಪಟ್ಟ ಪಾನಾ ಕೈಯಲ್ಲಿ ಕಲ್ಲಿನಂತೆ ಭಾರವಾಗಿತ್ತು. ಈ ಸಲ ನಾನು ಮೇಲೆ, ಅಪ್ಪ ಕೆಳಗೆ. "ಬಂತೇನಪ್ಪಾ?" ಎಂದು ಪೈಪಿಗೆ ಕೂಗಿದೆ. ಕೆಳಗಿನಿಂದ ಅಳುವ ದನಿಯಲ್ಲಿ "ಬಂತವ್ವಾ" ಎಂಬುದು ಏರಿ ಬಂತು. ನಾನು ಇಳಿದು ಬರುವಷ್ಟರಲ್ಲಿ ಅವನು ಕೊಡಕ್ಕೆ ಬಟ್ಟೆ ಕಟ್ಟಿ, ಅಜ್ಜಿಯ ಹಾಗೆಯೇ ಸೋಸಿ, ಬಾವಿಯ ನೀರು ತುಂಬಿಸಿದ್ದ. ಕುಡಿಯುವವರು ಇರಲಿಲ್ಲ. ಕೊಡ ಎತ್ತಿಕೊಂಡು ಹೋಗಿ ಬಾವಿಗೇ ಸುರಿದ.

ಅಪ್ಪನೂ ಹೋಗಿ ವರ್ಷಗಳಾದವು. ಕಲಿಯಲು ಬಂದವರಿಗೆ ನಾನು ಮೊದಲ ದಿನ ಹೇಳುವುದು ಒಂದೇ: "ಕೇಳದಿದ್ರ ಕೇಳಲಿಲ್ಲ ಅನ್ರಿ. ನಾ ಬೈಯಂಗಿಲ್ಲ." ಆಮೇಲೆ ಅವರನ್ನು ಮೇಲೆ ಹತ್ತಿಸಿ ನಾನು ಕೆಳಗೆ ಪೈಪಿಗೆ ಕಿವಿ ಹಚ್ಚುತ್ತೇನೆ. ಅವರ ದನಿಗಿಂತ ಮೊದಲು ಅಜ್ಜಿಯ ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತದೆ, ಒದ್ದೆ ಹಗ್ಗ ಮೆಲ್ಲಗೆ ಮೇಲೇರುವುದು. "ಬಂತೇನ್ರೀ ಬಾಯಿ?" ಎಂದು ಅವರು ಮತ್ತೆ ಮತ್ತೆ ಕೂಗುತ್ತಾರೆ. ಆ ಕೊಡ ಮೇಲೆ ಬಂದು ಕಟ್ಟೆಗೆ ತಾಗುವವರೆಗೆ ನಾನು ಬಂತು ಎನ್ನುವುದಿಲ್ಲ.